ಅತ್ತಿಗೆಯ ಹೆಸರಿನ ಹಳದಿ ಚೀಟಿ

ನಮ್ಮೂರು ಬ್ರಷ್ ಕ್ರೀಕಿನ ಪೆಟ್ರೋಲ್ ಬಂಕಿನ ಅಂಗಡಿಯ ಗಾಜಿನ ಬಾಗಿಲ ಮೇಲೆ ‘ನೀರನ್ನು ಕುದಿಸಿಯೇ ಕುಡಿಯಿರಿ’ ಎಂಬ ನೋಟೀಸು ಸದಾ ಇರುತ್ತದೆ. ಅಕ್ಷರವೆಲ್ಲ ಕಪ್ಪು ಮಾರ್ಕರಿನಲ್ಲಿ, ತಾರೀಕು ಮಾತ್ರ ಪೆನ್ಸಿಲಿನಲ್ಲಿ. ಹಿಂದೆಲ್ಲ ಪೈಪು ಒಡೆದಾಗ ಅಂಟಿಸಿ, ರಿಪೇರಿಯಾದ ಮೇಲೆ ಕೀಳುತ್ತಿದ್ದರು. ಅಂಟಿಸುವುದು ಒಂದು ಕೆಲಸ, ಕೀಳುವುದು ಇನ್ನೊಂದು ಕೆಲಸ, ಎರಡೂ ಯಾಕೆ ಎಂದು ನಮ್ಮತ್ತಿಗೆ ಕೀಳುವುದನ್ನೇ ಬಿಟ್ಟಳು. ಈಗ ಸೋಮವಾರ ಬಂದರೆ ಹಳೆಯ ತಾರೀಕನ್ನು ರಬ್ಬರಿನಿಂದ ಅಳಿಸಿ ಹೊಸದನ್ನು ಬರೆಯುತ್ತಾಳೆ.

ಅತ್ತಿಗೆಯ ಹೆಸರು ಒಲೀಟಾ ಸ್ಕ್ಯಾಗ್ಸ್. ತೀರಿಹೋದ ನನ್ನ ಅಣ್ಣ ವರ್ಜಿಲ್‌ನ ಹೆಂಡತಿ. ವಯಸ್ಸು ಅರವತ್ತೆಂಟು. ಮೂವತ್ತೊಂದು ವರ್ಷದಿಂದ ಬ್ರಷ್ ಕ್ರೀಕ್ ನೀರಿನ ಮಂಡಳಿಯ ಗುಮಾಸ್ತೆ ಎಂದು ಕಾಗದದ ಮೇಲಿದೆ. ನಿಜಕ್ಕೂ ಮಂಡಳಿ ಎಂದರೆ ಅವಳೇ. ಮೀಟರು ನೋಡುವವಳು ಅವಳು, ಟ್ಯಾಂಕಿಗೆ ಕ್ಲೋರಿನ್ ಹಾಕುವವಳು ಅವಳು, ಫೋನು ಎತ್ತಿ ಬೈಸಿಕೊಳ್ಳುವವಳೂ ಅವಳೇ. ಸೊಂಟದಲ್ಲಿ ಒಂದು ಕೀಲಿಗೊಂಚಲು ಸದಾ ಜೋತಾಡುತ್ತಿರುತ್ತದೆ. ಅದರಲ್ಲಿ ಮೂರು ಕೀಲಿಕೈಗಳ ಬೀಗಗಳೇ ಈಗ ಭೂಮಿಯ ಮೇಲಿಲ್ಲ. ಬಿಸಾಕು ಅಂದರೆ, ‘ಇರ್ಲಿ ಬಿಡು, ಯಾವ್ದು ಯಾವ್ದು ಅಂತ ಮರೆತು ಒಳ್ಳೇದನ್ನೇ ಬಿಸಾಕ್ತೀನಿ’ ಅನ್ನುತ್ತಾಳೆ.

ನಮ್ಮ ಪೈಪುಗಳನ್ನು ಹೂಳಿದ್ದು ಕಲ್ಲಿದ್ದಲು ಕಂಪನಿ, ನಾನು ಹುಟ್ಟುವ ಮೊದಲು. ಕಲ್ಲಿದ್ದಲು ಮುಗಿದ ಮೇಲೆ ಕಂಪನಿ ಹೋಯಿತು, ಪೈಪು ಉಳಿಯಿತು. ಆ ಪೈಪಿನ ಕಟ್ಟಕಡೆಯ ತುದಿಯಲ್ಲಿ ಪಿಜನ್ ರೂಸ್ಟ್ ಎಂಬ ಕಣಿವೆ ಇದೆ, ಅರವತ್ತೊಂದು ಮನೆ. ಅಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಟೀ ಬಣ್ಣದ ನೀರು. ಆ ಕಣಿವೆಯ ಹೆಂಗಸರು ಬಿಳಿ ಬಟ್ಟೆ ಕೊಳ್ಳುವುದಿಲ್ಲ. ಕುಡಿಯುವ ನೀರನ್ನು ಬಾಟಲಿಯಲ್ಲಿ ಹೊರುತ್ತಾರೆ, ನಲ್ಲಿಯ ನೀರಿನ ಬಿಲ್ಲನ್ನೂ ಕಟ್ಟುತ್ತಾರೆ. ಆ ಬಿಲ್ಲು ಬರೆಯುವ ಕೈ ಅತ್ತಿಗೆಯದು, ಹಾಗಾಗಿ ಬೈಗುಳವೂ ಅವಳಿಗೇ.

ಆ ದೊಡ್ಡ ರೋಗ ಬಂದು ಹೋದ ಮೇಲೆ ವಾಷಿಂಗ್ಟನ್ನಿನಿಂದ ಪ್ರತಿ ರಾಜ್ಯಕ್ಕೂ ಪರಿಹಾರದ ಹಣ ಬಂತಲ್ಲ, ಅದರಲ್ಲಿ ನಮ್ಮ ಪಾಲಿಗೂ ಒಂದು ತುಂಡು ಬಿತ್ತು. ಪಿಜನ್ ರೂಸ್ಟಿಗೆ ನಾಲ್ಕು ಮೈಲಿ ಹೊಸ ಪೈಪು. ಮಂಜೂರಾತಿಯ ಪತ್ರ ಬಂದ ದಿನ ಅತ್ತಿಗೆ ಅದನ್ನು ಚರ್ಚಿಗೆ ತಂದು, ಪ್ರಾರ್ಥನೆ ಮುಗಿದ ಮೇಲೆ ನಿಂತು ಓದಿದಳು. ಓದಿ ಮುಗಿಸಿ ಹೇಳಿದಳು: ‘ಹೊಸ ಪೈಪಿನ ನೀರು ಪಿಜನ್ ರೂಸ್ಟ್‌ನಲ್ಲಿ ಒಂದು ಲೋಟ ಕುಡೀತೀನಿ. ಕುಡಿದು ಈ ಕೀಲಿಗೊಂಚಲು ಮೇಜಿನ ಮೇಲಿಟ್ಟು ಮನೆಗೆ ಹೋಗ್ತೀನಿ. ಆಮೇಲೆ ಯಾರೂ ನನಗೆ ಫೋನ್ ಮಾಡಕೂಡ್ದು, ಮನೆಗೆ ಬೆಂಕಿ ಬಿದ್ರೂ ಸೈತ.’ ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳಿಗೆ ಅಷ್ಟು ಸುಸ್ತಾಗಿತ್ತು.

ಹಣ ಬಂತು ಅಂದರೆ ಪೈಪು ಬಂತು ಎಂದಲ್ಲ. ಮೊದಲು ಇಂಜಿನಿಯರು ಬೇಕು, ಅವನ ನಕ್ಷೆಗೆ ಒಂದು ಇಲಾಖೆಯ ಒಪ್ಪಿಗೆ ಬೇಕು, ಹೊಳೆ ದಾಟುವ ಕಡೆ ಇನ್ನೊಂದು ಇಲಾಖೆಯದು. ಹೊಳೆಯಲ್ಲಿ ಯಾವುದೋ ಅಪರೂಪದ ಚಿಪ್ಪಿನ ಹುಳು ಇದೆಯೇ ಎಂದು ನೋಡಲು ಒಬ್ಬ ಮೊಣಕಾಲುದ್ದ ಬೂಟು ಹಾಕಿಕೊಂಡು ಎರಡು ದಿನ ನೀರಲ್ಲಿ ನಿಂತ. ಮೊದಲ ಸಲ ಟೆಂಡರು ಕರೆದಾಗ ಒಬ್ಬನೂ ಬರಲಿಲ್ಲ. ರಾಜ್ಯದ ಎಲ್ಲ ಊರೂ ಒಟ್ಟಿಗೇ ಪೈಪು ಹೂಳಲು ಹೊರಟಿದ್ದಾಗ ಈ ಬೆಟ್ಟದ ಮೂಲೆಗೆ ಯಾರು ಬರುತ್ತಾರೆ? ಎರಡನೆಯ ಸಲ ಕರೆದದ್ದಕ್ಕೆ ಏಪ್ರಿಲ್ ಹನ್ನೊಂದಕ್ಕೆ ಲಕೋಟೆ ಒಡೆಯುವುದೆಂದು ನಿಗದಿಯಾಯಿತು. ಇಬ್ಬರು ಗುತ್ತಿಗೆದಾರರು ಬಂದು ಜಾಗ ನೋಡಿಕೊಂಡೂ ಹೋದರು.

ಅಷ್ಟರಲ್ಲಿ ಮಾರ್ಚ್ ತಿಂಗಳಲ್ಲಿ ರಾಜಧಾನಿಯಲ್ಲಿ ಒಂದು ಮಸೂದೆ ಹುಟ್ಟಿತು. ‘ಪರಿಹಾರ ನಿಧಿ ಸದ್ಬಳಕೆ ಮಸೂದೆ’ ಅಂತ ಹೆಸರು. ಮಾರ್ಚ್ ಕೊನೆಯೊಳಗೆ ಗುತ್ತಿಗೆಗೆ ಸಹಿ ಬೀಳದ ಹಣವೆಲ್ಲ ‘ಉಳಿಕೆ’ ಎಂದು ಲೆಕ್ಕ, ಅದು ರಾಜ್ಯದ ಸಾಮಾನ್ಯ ಬಜೆಟ್ಟಿಗೆ ಸೇರಬೇಕು ಎಂಬುದು ಅದರ ತಿರುಳು. ಸಾಮಾನ್ಯ ಬಜೆಟ್ ಎಂದರೆ ಜೈಲು ಕಾವಲುಗಾರರ ಸಂಬಳ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು, ಎಲ್ಲವೂ. ಯಾವುದೂ ಕೆಟ್ಟದ್ದಲ್ಲ. ಆದರೆ ನಮ್ಮ ಲಕೋಟೆಗೂ ಅವರ ತಾರೀಕಿಗೂ ನಡುವೆ ಹನ್ನೊಂದೇ ದಿನ.

ಅತ್ತಿಗೆ ನಮ್ಮ ಶಾಸಕ ಟ್ರಾವಿಸ್ ಹೆನ್ಸ್ಲಿಗೆ ಫೋನು ಮಾಡಿದಳು. ಟ್ರಾವಿಸ್ ನಾನು ಓಡಿಸುತ್ತಿದ್ದ ಸ್ಕೂಲ್ ಬಸ್ಸಿನಲ್ಲೇ ಬೆಳೆದ ಹುಡುಗ. ಮೂರನೇ ಕ್ಲಾಸಿನಲ್ಲಿ ನನ್ನ ಸೀಟಿನ ಹಿಂದೆಯೇ ವಾಂತಿ ಮಾಡಿಕೊಂಡು, ‘ಹಿಂದಿನವನು ಮಾಡಿದ್ದು ಮಾಮ’ ಅಂದವನು. ಈಗಲೂ ಸ್ವಭಾವ ಅದೇ, ಆದರೆ ಮನಸ್ಸು ಕೆಟ್ಟದ್ದಲ್ಲ. ಅವನು ಹೇಳಿದ್ದು ಇಷ್ಟು: ‘ಒಲೀಟಾ ಅತ್ತೆ, ಟೆಂಡರ್ ಕರೆದಿರೋ ಊರುಗಳಿಗೆ ಜೂನ್‌ವರೆಗೆ ಗಡುವು ಕೊಡಿ ಅಂತ ಒಂದು ತಿದ್ದುಪಡಿ ಬರೆದಿಟ್ಕೊಂಡಿದೀನಿ. ಜೇಬಲ್ಲೇ ಇದೆ. ಆದ್ರೆ ಇದು ನಮ್ಮ ಪಕ್ಷದ್ದೇ ಮಸೂದೆ. ನಾನಾಗೇ ಎದ್ದು ನಿಂತ್ರೆ ನನ್ನನ್ನ ತಿಂದ್ಹಾಕ್ತಾರೆ. ನನ್ನ ಕ್ಷೇತ್ರದವರು ಯಾರಾದ್ರೂ ಸಮಿತಿ ಮುಂದೆ ಬಂದು ಬೇಡ ಅಂದ್ರೆ, ನಮ್ಮ ಜನ ಕೇಳ್ತಿದಾರೆ ಅಂತ ಜೇಬಿಂದ ತೆಗೀತೀನಿ.’

‘ಅಂದ್ರೆ ನಿನ್ನ ಜೇಬಿಗೆ ಕೈ ಹಾಕೋಕೂ ನಾನೇ ಬರ್ಬೇಕು’ ಅಂದಳು ಅತ್ತಿಗೆ.

ಸಮಿತಿಯ ಮುಂದೆ ಒಬ್ಬೊಬ್ಬರಿಗೆ ಎರಡೇ ನಿಮಿಷ. ಅತ್ತಿಗೆ ಒಂದು ವಾರ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸುವ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದಳು. ನಾನು ಮೇಜಿನ ಆಚೆ ಸಮಿತಿಯಾಗಿ ಕೂತೆ. ಅವಳ ಭಾಷಣದ ಕೊನೆ ನನಗೆ ಈಗಲೂ ಬಾಯಿಪಾಠ: ‘ಇದನ್ನ ಉಳಿಕೆ ಅಂತೀರಲ್ಲ ಸಾರ್. ರಾತ್ರಿ ಊಟ ಆದ್ಮೇಲೆ ಪಾತ್ರೇಲಿರೋದು ಉಳಿಕೆ. ಒಲೆ ಮೇಲೆ ಬೀನ್ಸ್ ಬೇಯ್ತಾ ಇದ್ರೆ, ಇನ್ನೂ ಯಾರೂ ಉಂಡಿಲ್ಲ ಅಂತ ಅದನ್ನ ಉಳಿಕೆ ಅಂತ ಎತ್ಕೊಂಡು ಹೋಗ್ತೀರಾ? ನಮ್ದು ಬೇಯ್ತಾ ಇದೆ ಸಾರ್. ಅರವತ್ತೊಂದು ಮನೆಯವರು ತಟ್ಟೆ ಹಿಡ್ಕೊಂಡು ಕೂತಿದಾರೆ.’ ಇಷ್ಟು ಮುಗಿಯುವಾಗ ಗಡಿಯಾರ ಟಿಣ್ ಅನ್ನುತ್ತಿತ್ತು. ಮೊದಲ ಸಲ ಕೇಳಿದಾಗ ನನ್ನ ಕಣ್ಣು ತುಂಬಿತು. ಏಳನೇ ಸಲಕ್ಕೆ ಹಸಿವಾಯಿತು, ಅವಳು ನಿಜಕ್ಕೂ ಬೀನ್ಸ್ ಇಟ್ಟಿದ್ದಳು.

ಸಮಿತಿ ಕೂಡುವ ಬುಧವಾರ ಬೆಳಗಿನ ಐದಕ್ಕೇ ನನ್ನ ಪಿಕಪ್ ಟ್ರಕ್ಕಿನಲ್ಲಿ ಹೊರಟೆವು. ರಾಜಧಾನಿಗೆ ಮೂರೂವರೆ ಗಂಟೆ. ಅತ್ತಿಗೆ ಈಸ್ಟರಿಗೆ ಹಾಕುವ ನೀಲಿ ಕೋಟು ಹಾಕಿದ್ದಳು. ಮಡಿಲಲ್ಲಿ ಪಿಜನ್ ರೂಸ್ಟಿನ ನಲ್ಲಿ ನೀರು ತುಂಬಿದ ಜಾಡಿ. ಬಾಗಿಲಲ್ಲೇ ಕಾವಲಿನವನು ಅದನ್ನು ಇಸಿದುಕೊಂಡ, ಒಳಗೆ ಯಾವ ದ್ರವವನ್ನೂ ಬಿಡುವಂತಿಲ್ಲವಂತೆ. ‘ಹಾಗಾದ್ರೆ ನೀನೇ ಕುಡಿಯಪ್ಪ’ ಅಂದಳು. ಅವನು ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ, ಪಾಪ, ಮೆಲ್ಲಗೆ ಮೇಜಿನ ಕೆಳಗಿಟ್ಟ.

ಸಮಿತಿಯ ಕೋಣೆಯ ಹೊರಗೆ ಒಂದು ಮೇಜು, ಅದರ ಮೇಲೆ ಹಳದಿ ಚೀಟಿಗಳು. ಮಾತಾಡಬೇಕೆನ್ನುವವರು ತುಂಬಿ ಕೊಡಬೇಕು. ಅತ್ತಿಗೆ ಕೈಚೀಲ ತಡಕಾಡಿದಳು. ಕನ್ನಡಕ ಟ್ರಕ್ಕಿನಲ್ಲೇ ಉಳಿದಿತ್ತು, ಟ್ರಕ್ಕು ನಿಂತದ್ದು ಐದು ಬೀದಿ ಆಚೆ. ‘ಭಾಷಣ ಬಾಯಿಗೆ ಬರುತ್ತೆ, ಕನ್ನಡಕ ಯಾಕೆ? ಚೀಟಿ ನೀನೇ ತುಂಬೋ ಡೆನ್ಜಿಲ್’ ಅಂದಳು.

ತುಂಬಿದೆ. ಹೆಸರು, ಊರು, ಮಂಡಳಿ, ಮಸೂದೆಯ ಸಂಖ್ಯೆ. ಕೆಳಗೆ ಎರಡು ಚೌಕ: ‘ಪರ’, ‘ವಿರೋಧ’.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕೈ ಎತ್ತಿ ಅಭಿಪ್ರಾಯ ಹೇಳಿದ್ದು ಏನಿದ್ದರೂ ನಮ್ಮ ಹಳೇ ಬ್ಯಾಪ್ಟಿಸ್ಟ್ ಚರ್ಚಿನ ಸಭೆಯಲ್ಲಿ. ಅಲ್ಲಿ ಹಿರಿಯರು ‘ಯಾರ್ಯಾರು ಪರ?’ ಎಂದು ಕೇಳುತ್ತಾರೆ. ‘ಯಾರು ವಿರೋಧ?’ ಎಂದು ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ವಿರೋಧ ಇದ್ದವರು ಅವತ್ತು ಊಟಕ್ಕೆ ನಿಲ್ಲುವುದಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ವಿರೋಧ ಎಂದು ಹೆಸರು ಹಾಕಿ ಬರೆದುಕೊಡುವುದು ನಮ್ಮ ಬೆಟ್ಟದಲ್ಲಿ ಜಗಳಕ್ಕೆ ಕರೆದ ಹಾಗೆ. ಅದೂ ಅಲ್ಲದೆ ಹಣದ ಸದ್ಬಳಕೆಗೆ ಯಾರಾದರೂ ವಿರೋಧ ಎನ್ನುತ್ತಾರೆಯೇ? ನಾವು ನೀರಿನ ಪರ, ಪೈಪಿನ ಪರ, ಪಿಜನ್ ರೂಸ್ಟಿನ ಪರ. ‘ಪರ’ದ ಚೌಕಕ್ಕೆ ದಪ್ಪಗೆ, ಕಾಣುವಂತೆ ಗೀಟು ಎಳೆದೆ. ಎಳೆದು ಮೇಜಿನ ಹುಡುಗಿಯ ಕೈಗೆ ಕೊಟ್ಟೆ. ಅವಳು ‘ಥ್ಯಾಂಕ್ಯೂ ಸಾರ್’ ಅಂದಳು. ಎಂಥ ಮರ್ಯಾದೆಯ ಜನ ಎಂದುಕೊಂಡೆ.

ಒಳಗೆ ಎರಡು ಗಂಟೆ ಕೂತೆವು. ಯಾರೋ ಕುದುರೆ ಪಂದ್ಯದ ಬಗ್ಗೆ, ಯಾರೋ ಕೂದಲು ಕತ್ತರಿಸುವ ಲೈಸೆನ್ಸಿನ ಬಗ್ಗೆ ಮಾತಾಡಿದರು. ನಮ್ಮ ಮಸೂದೆ ಬರುವಾಗ ಮಧ್ಯಾಹ್ನದ ಅಧಿವೇಶನಕ್ಕೆ ಹತ್ತೇ ನಿಮಿಷ ಬಾಕಿ. ಅತ್ತಿಗೆ ಕೋಟಿನ ಗುಂಡಿ ಹಾಕಿಕೊಂಡು ಸೀಟಿನ ತುದಿಗೆ ಬಂದಳು. ಎದುರಿಗೆ ಸಮಿತಿಯ ಸದಸ್ಯರ ಸಾಲಿನಲ್ಲಿ ಕೂತಿದ್ದ ಟ್ರಾವಿಸ್ ಅವಳನ್ನು ನೋಡಿ ಸಣ್ಣಗೆ ತಲೆಯಾಡಿಸಿದ. ಅವನ ಕೈ ಕೋಟಿನ ಒಳಜೇಬಿನ ಹತ್ತಿರವೇ ಇತ್ತು. ನಾನು ನೋಡಿದೆ.

ಅಧ್ಯಕ್ಷರು ಗಡಿಯಾರ ನೋಡಿದರು. ‘ಸಮಯದ ಅಭಾವ ಇದೆ. ಯಾರನ್ನೂ ಮಾತಾಡೋಕೆ ಕರೆಯೋಕಾಗಲ್ಲ, ಕ್ಷಮಿಸಿ. ಚೀಟಿ ಕೊಟ್ಟೋರ ಹೆಸರು ಓದಿ ದಾಖಲೆ ಮಾಡ್ಕೋತೀವಿ’ ಎಂದು ಕನ್ನಡಕ ಏರಿಸಿ ಓದತೊಡಗಿದರು. ವಿರೋಧ, ಯಾವುದೋ ಜಿಲ್ಲೆಯ ಶಾಲೆಯವರು. ಪರ, ತೆರಿಗೆದಾರರ ಸಂಘ. ಆಮೇಲೆ: ‘ಶ್ರೀಮತಿ ಒಲೀಟಾ ಸ್ಕ್ಯಾಗ್ಸ್, ಬ್ರಷ್ ಕ್ರೀಕ್ ನೀರಿನ ಮಂಡಳಿ. ಪರ.’

ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ನೇರ ಎದ್ದು ನಿಂತಳು. ‘ಸಾರ್, ಅದು...’

‘ನಿಮ್ಮ ಬೆಂಬಲ ದಾಖಲಾಯ್ತು ಅಮ್ಮ. ಅಷ್ಟು ದೂರದಿಂದ ಬಂದಿದೀರಿ, ತುಂಬ ಸಂತೋಷ’ ಎಂದರು ಅಧ್ಯಕ್ಷರು.

‘ಇಲ್ಲ ಸಾರ್, ಬೀನ್ಸು...’ ಅಂದಳು ಅತ್ತಿಗೆ. ಒಂದು ವಾರದ ಅಭ್ಯಾಸದಲ್ಲಿ ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೊಂದೇ ಮಾತು. ಯಾರೋ ಹಿಂದೆ ನಕ್ಕರು. ಅಧ್ಯಕ್ಷರು ಮರದ ಸುತ್ತಿಗೆಯನ್ನು ಮೆಲ್ಲಗೆ ಮೇಜಿಗೆ ತಟ್ಟಿದರು, ಗದರಲೂ ಇಲ್ಲ. ಗದರಿದ್ದರೆ ಚೆನ್ನಾಗಿತ್ತು. ಟ್ರಾವಿಸ್ ಅತ್ತಿಗೆಯನ್ನು ನೋಡಿದ, ಮೇಜಿನ ಮೇಲಿನ ಹಳದಿ ಚೀಟಿ ನೋಡಿದ. ಅವನ ಮುಖದಲ್ಲಿ ಮೊದಲು ಆಶ್ಚರ್ಯ ಬಂತು, ಅದರ ಹಿಂದೆಯೇ ನೆಮ್ಮದಿ ಬಂತು. ಆ ನೆಮ್ಮದಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅವನ ಕೈ ಜೇಬಿನಿಂದ ಇಳಿದು ಮೇಜಿನ ಮೇಲೆ ಕೂತಿತು. ಮಸೂದೆ ಎರಡು ನಿಮಿಷದಲ್ಲಿ ಮುಂದೆ ಹೋಯಿತು. ಎರಡು ವಾರಕ್ಕೆ ಕಾನೂನಾಯಿತು, ನಮ್ಮ ಪೈಪಿನ ಹಣ ರಾಜ್ಯದ ಬಜೆಟ್ಟಿಗೆ ಹೋಯಿತು.

ಹೊರಗೆ ಬರುವಾಗ ಕಾವಲಿನವನು ಜಾಡಿ ವಾಪಸು ಕೊಟ್ಟ. ಟ್ರಕ್ಕಿನಲ್ಲಿ ಅತ್ತಿಗೆ ಅದನ್ನು ಮತ್ತೆ ಮಡಿಲಲ್ಲಿಟ್ಟುಕೊಂಡಳು. ಕನ್ನಡಕ ಟ್ರಕ್ಕಿನ ಮುಂದಿನ ಗಾಜಿನ ಕೆಳಗೆ, ಕಣ್ಣಿಗೆ ರಾಚುವಂತೆ ಬಿದ್ದಿತ್ತು. ನಲವತ್ತು ಮೈಲಿ ದಾಟಿದ ಮೇಲೆ ನಾನೇ ಅಂದೆ, ‘ಅತ್ತಿಗೆ, ನನಗೆ ಎರಡು ಬಾರ್ಸಿ ಬಿಡು. ಇಲ್ಲಾಂದ್ರೆ ಬೈಯಾದ್ರೂ ಬೈ.’

‘ಬೈಯೋಕೂ ಶಕ್ತಿ ಬೇಕಲ್ಲೋ’ ಅಂದಳು. ಮಡಿಲ ಜಾಡಿಯನ್ನು ಸರಿಮಾಡಿಕೊಂಡು, ‘ಏನಂತ ಹಾಕ್ದೆ ಅದಕ್ಕೆ?’

‘ನಾವು ನೀರಿನ ಪರ ಅಲ್ವಾ ಅಂತ...’

ಅತ್ತಿಗೆ ಕಿಟಕಿಯ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅತ್ತಳು. ‘ನಿಮ್ಮಣ್ಣನೂ ಹಿಂಗೇ ಕಣೋ. ಒಳ್ಳೇ ಮನಸ್ಸು, ಓದೋದು ಮಾತ್ರ ಅರ್ಧ.’

ಊರಿಗೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಸಭೆಯನ್ನು ಈಗ ಮೊಬೈಲಿನಲ್ಲೂ ತೋರಿಸುತ್ತಾರಂತೆ. ಪಿಜನ್ ರೂಸ್ಟಿನ ಲೊರೀನ್ ಕೋಂಬ್ಸ್ ಬಂಕಿನ ಮುಂದೆಯೇ ಅತ್ತಿಗೆಯನ್ನು ತಡೆದಳು. ಲೊರೀನ್ ಒಳ್ಳೆಯವಳೇ, ಮೂರು ಮೊಮ್ಮಕ್ಕಳನ್ನು ಬಾಟಲಿ ನೀರಿನಲ್ಲಿ ಸಾಕಿದವಳು. ‘ಏನೇ ಒಲೀಟಾ, ನಮ್ಮ ನೀರನ್ನ ನೀನೇ ಹೋಗಿ ಅವರ ಕೈಗೆ ಕೊಟ್ಟು ಬಂದ್ಯಂತೆ?’

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ, ಅಷ್ಟರಲ್ಲಿ ಅತ್ತಿಗೆ ಹೇಳಿಯಾಗಿತ್ತು. ‘ಕನ್ನಡಕ ಟ್ರಕ್ಕಲ್ಲಿ ಬಿಟ್ಟಿದ್ದೆ ಲೊರೀನ್. ತಪ್ಪು ಚೌಕಕ್ಕೆ ಗೀಟು ಬಿತ್ತು.’ ಸುಳ್ಳಲ್ಲ. ಒಂದು ಪದವೂ ಸುಳ್ಳಲ್ಲ. ನಾನು ಬಾಯಿ ಮುಚ್ಚಿದೆ. ಈ ಕಥೆಯಲ್ಲಿ ನನಗೆ ನಾಚಿಕೆಯಾಗುವುದು ಗೀಟು ಎಳೆದದ್ದಕ್ಕಲ್ಲ, ಅದು ದಡ್ಡತನ. ಬಾಯಿ ಮುಚ್ಚಿದ್ದಕ್ಕೆ.

ಮನೆಗೆ ಹೋಗುವಾಗ ಕೇಳಿದೆ, ‘ಯಾಕತ್ತಿಗೆ?’

‘ಹೇಗಿದ್ರೂ ನನಗೇ ಬೈತಾರೆ. ಮೂವತ್ತೊಂದು ವರ್ಷದ ಅಭ್ಯಾಸ. ನಿನಗೆ ಹೊಸದು, ತಡ್ಕೊಳಲ್ಲ ನೀನು’ ಅಂದಳು.

ಮರುತಿಂಗಳ ನೀರಿನ ಮಂಡಳಿಯ ಸಭೆಗೆ ಎಂದೂ ಇಲ್ಲದ ಜನ. ಒಲೀಟಾಳನ್ನು ಕೆಲಸದಿಂದ ತೆಗೆಯಬೇಕು ಎಂದು ಯಾರೋ ಕೂಗಿದರು. ಸರಿ, ಆ ಜಾಗಕ್ಕೆ ಯಾರು ಬರುತ್ತೀರಿ ಎಂದು ಮಂಡಳಿಯ ಅಧ್ಯಕ್ಷ ಹೋಬರ್ಟ್ ಕೇಳಿದ. ಎಲ್ಲರೂ ನೆಲ ನೋಡಿದರು. ಅತ್ತಿಗೆ ಸೊಂಟದ ಕೀಲಿಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು. ಯಾರಾದರೂ ಎತ್ತಿಕೊಳ್ಳಲಿ ಎಂದು ಅವಳು ನಿಜಕ್ಕೂ ಕಾದಳು. ಒಬ್ಬರೂ ಮುಟ್ಟಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಅವಳೇ ಎತ್ತಿಕೊಂಡಳು, ಬೀಗ ಹಾಕಬೇಕಲ್ಲ.

ಮೇ ತಿಂಗಳಲ್ಲಿ ರಾಜಧಾನಿಯಿಂದ ಪತ್ರ ಬಂತು. ಕೆನೆ ಬಣ್ಣದ ದಪ್ಪ ಕಾಗದ, ಮೇಲೆ ಬಂಗಾರದ ಮುದ್ರೆ. ‘ಮಾನ್ಯರೇ, ಮಸೂದೆಗೆ ನೀವು ನೀಡಿದ ಬೆಂಬಲಕ್ಕೆ ಹೃತ್ಪೂರ್ವಕ ಧನ್ಯವಾದಗಳು.’ ಬೆಂಬಲಿಸಿದವರಿಗೆಲ್ಲ ಕಳಿಸುತ್ತಾರಂತೆ. ಒಲೆಗೆ ಹಾಕು ಅಂದೆ. ಅತ್ತಿಗೆ ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿದಳು. ‘ಎಂಥ ಕಾಗದ ನೋಡೋ. ಮಳೆಗೆ ಅಲ್ಲಾಡಲ್ಲ.’ ತಿರುವಿ ಹಾಕಿ, ಹಿಂಬದಿಯ ಖಾಲಿ ಮೈಮೇಲೆ ಮಾರ್ಕರಿನಲ್ಲಿ ‘ನೀರನ್ನು ಕುದಿಸಿಯೇ ಕುಡಿಯಿರಿ’ ಎಂದು ಬರೆದು, ಬಂಕಿನ ಬಾಗಿಲಿಗೆ ಹೊರಗಿನಿಂದ ಅಂಟಿಸಿದಳು.

ಹೊರಗೆ ನಿಂತವರಿಗೆ ನೋಟೀಸು ಕಾಣುತ್ತದೆ. ಒಳಗೆ ಕಾಫಿ ಕುಡಿಯುತ್ತ ಕೂತವರಿಗೆ ಗಾಜಿನ ಈಚೆಯಿಂದ ಧನ್ಯವಾದಗಳು ಕಾಣುತ್ತವೆ. ನಾನು ದಿನಾ ಬೆಳಿಗ್ಗೆ ಒಳಗೆ ಕೂರುವವನು.

ಆಗಸ್ಟ್ ಮುಗಿಯುವ ತನಕ, ನಮ್ಮ ಬೇಸಿಗೆ ಪೂರ್ತಿ ಅದನ್ನು ಓದಿದೆ. ಮೊನ್ನೆ ಸೋಮವಾರ ಲೊರೀನ್ ನೀರಿನ ಬಾಟಲಿಗಳ ಕಟ್ಟು ಹೊತ್ತು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಉಸ್ಸೆಂದು ಕೂತಳು. ಬಾಗಿಲ ಕಡೆ ನೋಡಿ, ‘ಕನ್ನಡಕ ಮರೆತಳಂತೆ, ಕನ್ನಡಕ’ ಅಂದಳು. ನನಗೆ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟೆ.

‘ಲೊರೀನ್, ಆ ಚೀಟಿ ತುಂಬಿದ್ದು ನಾನು. ಗೀಟು ಎಳೆದದ್ದು ನಾನು. ಅತ್ತಿಗೆ ಮುಟ್ಟೂ ಇಲ್ಲ ಅದನ್ನ.’

ಬಂಕಿನಲ್ಲಿ ನಾಲ್ಕು ಜನ ಇದ್ದರು. ಎಲ್ಲರೂ ಕೇಳಿಸಿಕೊಂಡರು. ಲೊರೀನ್ ನನ್ನ ಕಡೆ ತಿರುಗಿದಳು. ಆಮೇಲೆ ಅವಳ ಮುಖ ಮೆತ್ತಗಾಯಿತು. ನನ್ನ ಬೆನ್ನ ಮೇಲೆ ಕೈಯಿಟ್ಟಳು.

‘ನಿನ್ನಂಥ ಮೈದುನ ಎಲ್ಲರಿಗೂ ಸಿಗಲ್ಲ ಕಣಪ್ಪ ಡೆನ್ಜಿಲ್. ಅವಳ ತಪ್ಪನ್ನ ಮೈಮೇಲೆ ಎಳ್ಕೊಳೋಕೆ ಬಂದ್ಯಲ್ಲ, ಅಷ್ಟು ಸಾಕು. ಆದ್ರೆ ಅವಳೇ ಒಪ್ಕೊಂಡಿದಾಳೆ, ಬಿಡು.’

‘ಅಲ್ಲ ಲೊರೀನ್, ದೇವರಾಣೆ, ನಾನೇ...’

‘ಆಣೆ ಹಾಕ್ಬೇಡ, ಸುಳ್ಳಿಗೆ ಆಣೆ ಹಾಕಿದ್ರೆ ಪಾಪ ಸುತ್ಕೊಳತ್ತೆ’ ಅಂದಳು. ನನ್ನ ಕಾಫಿಯ ದುಡ್ಡನ್ನೂ ಅವಳೇ ಕೊಟ್ಟಳು. ಮೂಲೆಯಲ್ಲಿದ್ದ ಮುದುಕನೊಬ್ಬ ನನಗೆ ಮರ್ಯಾದೆಗೆ ಟೋಪಿ ಎತ್ತಿದ.

ಹೊರಗೆ ಬಂದೆ. ಅತ್ತಿಗೆ ಬಾಗಿಲ ಮುಂದೆ ಬಗ್ಗಿ ಹಳೆಯ ತಾರೀಕನ್ನು ಉಜ್ಜುತ್ತಿದ್ದಳು. ಕೀಲಿಗೊಂಚಲು ಗಾಜಿಗೆ ತಗುಲಿ ಸದ್ದಾಗುತ್ತಿತ್ತು.

‘ಏನಂದ್ಳು ಲೊರೀನ್?’ ಎಂದು ತಲೆ ಎತ್ತದೆ ಕೇಳಿದಳು.

‘ಕಾಫಿ ಕೊಡಿಸಿದ್ಲು’ ಅಂದೆ.

ಅತ್ತಿಗೆ ಗಾಜಿನೊಳಗೆ ಒಮ್ಮೆ ನೋಡಿದಳು, ನನ್ನ ಮುಖ ಒಮ್ಮೆ ನೋಡಿದಳು. ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗಿ, ಪೆನ್ಸಿಲನ್ನು ನನ್ನ ಕಡೆ ಚಾಚಿದಳು.

‘ತಗೋ. ನನಗೆ ಬಗ್ಗೋಕಾಗ್ತಿಲ್ಲ, ನೀನೇ ಬರಿ. ತಾರೀಕೊಂದೇ ಬರಿ, ಆಯ್ತಾ? ಬೇರೆ ಏನೂ ಹಾಕ್ಬೇಡ.’